ಪಿನ್ನು ಕೂತ ಮಾತ್ರಕ್ಕೆ ಅಡಾಪ್ಟರ್ ಆಗದು

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲೂಕಿನ ಹಳ್ಳಿ. ಮಗಳು ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದಾಳೆ. ಅವಳ ಲ್ಯಾಪ್‌ಟಾಪಿನಲ್ಲಿ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್, 16 ಜಿಬಿ ರ‍್ಯಾಮ್, ವಿಂಡೋಸ್ 11 ಹೋಮ್ ಇವೆ. ಏಪ್ರಿಲ್ ತಿಂಗಳ ಸಿಡಿಲಿಗೆ ಜೊತೆಗೆ ಬಂದಿದ್ದ 230 ವ್ಯಾಟಿನ ಅಡಾಪ್ಟರ್ ಸುಟ್ಟುಹೋಯಿತು. ಅಂಗಡಿಯವರು 120 ವ್ಯಾಟಿನದೊಂದು ಕೊಟ್ಟು ‘ಪಿನ್ನು ಸರಿಯಾಗಿ ಕೂರುತ್ತೆ, ನಡೆಯುತ್ತೆ’ ಎಂದರು. ನಡೆಯುತ್ತಿದೆ ನಿಜ, ಆದರೆ ಅವಳು ಪ್ರಾಜೆಕ್ಟ್ ಓಡಿಸಿದರೆ ಮಷಿನ್ ತೆವಳುತ್ತದೆ, ಪ್ಲಗ್ಗಿನಲ್ಲಿದ್ದೂ ಬ್ಯಾಟರಿ ಇಳಿಯುತ್ತದೆ. ಟೈಪ್-ಸಿ 100 ವ್ಯಾಟ್ ಸಾಕು ಅಂತ ಕೆಲವರು ಹೇಳುತ್ತಾರೆ. ವಿಂಡೋಸ್ ಬದಲು ಉಬುಂಟು ಎನ್ನುವ ಲಿನಕ್ಸ್ ಹಾಕು ಅಂತ ಅವಳ ಗೆಳತಿಯರು. ನನಗೆ ಅದೇ ಮಷಿನ್ನಿನಲ್ಲಿ ಸೊಸೈಟಿಯ ಪತ್ರಗಳಿಗೆ ‘ನುಡಿ’ ಬೇಕು. ಮನೆಯಲ್ಲಿ ಇನ್ವರ್ಟರ್ ಇದೆ. ಯಾವ ಅಡಾಪ್ಟರ್, ಯಾವ ಓಎಸ್ (ಆಪರೇಟಿಂಗ್ ಸಿಸ್ಟಂ)?

ಉತ್ತರ: ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಆ 120 ವ್ಯಾಟಿನದನ್ನು ವಾಪಸ್ ಕೊಡಿ. ಲ್ಯಾಪ್‌ಟಾಪ್ ಯಾವ ಕಂಪನಿಯದೋ ಅದೇ ಕಂಪನಿಯ 230 ವ್ಯಾಟಿನ ಅಡಾಪ್ಟರ್ ತರಿಸಿ. ಕೈಯಲ್ಲಿ ಇನ್ನಷ್ಟು ದುಡ್ಡಿದ್ದರೆ 100 ವ್ಯಾಟಿನ ಟೈಪ್-ಸಿ ಒಂದನ್ನೂ ಇಟ್ಟುಕೊಳ್ಳಿ. ಅದು ದೊಡ್ಡದಕ್ಕೆ ಬದಲಿ ಅಲ್ಲ, ಕರೆಂಟು ಹೋದ ದಿನಕ್ಕೆ ಮತ್ತು ಕಾಲೇಜಿನ ಬ್ಯಾಗಿಗೆ. ವಿಂಡೋಸ್ 11 ತೆಗೆಯಬೇಡಿ, ಉಬುಂಟು ಅದರ ಒಳಗೇ ಓಡುತ್ತದೆ. ಮತ್ತೆ ಇದೆಲ್ಲಕ್ಕಿಂತ ಮುಂಚೆ ಮನೆಯ ಮೇನ್ ಬೋರ್ಡು ತೋರಿಸಿ. ಅದು ಹಾಗೇ ಇದ್ದರೆ ಹೊಸ ಅಡಾಪ್ಟರಿಗೂ ಮುಂದಿನ ಏಪ್ರಿಲ್‌ವರೆಗೇ ಆಯುಷ್ಯ.

ಈಗ ವಿವರಕ್ಕೆ ಬರೋಣ. ಲ್ಯಾಪ್‌ಟಾಪನ್ನು ಮಗುಚಿ ತಳದಲ್ಲಿ ಅಚ್ಚಾದ ಅಕ್ಷರ ಓದಿ. ‘20 ವೋಲ್ಟ್’ ಅಂತ ಇದ್ದು, ಪಕ್ಕದಲ್ಲಿ ಒಂದು ನೇರ ಗೆರೆ, ಅದರ ಕೆಳಗೆ ತುಂಡು ಗೆರೆ, ಆಮೇಲೆ ‘11.5 ಆಂಪಿಯರ್’ ಇರುತ್ತದೆ. ಆ ಗೆರೆಗಳು ಡಿಸಿಯ ಗುರುತು. 20 ಅನ್ನು 11.5ರಿಂದ ಗುಣಿಸಿದರೆ 230. ಕೆಲವು ಕಂಪನಿಗಳು 19.5 ವೋಲ್ಟ್, 11.8 ಆಂಪಿಯರ್ ಎಂದು ಹಾಕುತ್ತವೆ; ಅದೂ 230ರ ಲೆಕ್ಕವೇ. ಅಡಾಪ್ಟರಿನ ಮೇಲೆ ‘ಔಟ್‌ಪುಟ್’ ಎಂದಿರುವ ಸಾಲಿನಲ್ಲಿ ವೋಲ್ಟ್ ಅಷ್ಟಕ್ಕಷ್ಟೇ ಹೊಂದಬೇಕು, ಆಂಪಿಯರ್ ಅಷ್ಟೇ ಇರಬೇಕು ಅಥವಾ ಹೆಚ್ಚಿರಬೇಕು. ಹೆಚ್ಚು ಆಂಪಿಯರಿನದು ಹಾಕಿದರೆ ಮಷಿನ್ ಸುಡುತ್ತದೆ ಎನ್ನುವ ಭಯ ಬೇಡ. ಟ್ಯಾಂಕ್ ದೊಡ್ಡದಾದ ಮಾತ್ರಕ್ಕೆ ನಲ್ಲಿಯಲ್ಲಿ ನೀರು ತಾನಾಗಿ ಸುರಿಯುವುದಿಲ್ಲವಲ್ಲ, ಲ್ಯಾಪ್‌ಟಾಪ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಸುಡುವುದು ವೋಲ್ಟ್ ತಪ್ಪಿದಾಗ.

230 ಯಾಕೆ ಬೇಕು ಎನ್ನುವುದಕ್ಕೆ ಲೆಕ್ಕ ಹಾಕಿ ನೋಡಿ. ಆರ್‌ಟಿಎಕ್ಸ್ 4060ರ ಲ್ಯಾಪ್‌ಟಾಪ್ ಆವೃತ್ತಿಯನ್ನು ತಯಾರಕರು 35ರಿಂದ 115 ವ್ಯಾಟ್‌ವರೆಗೆ ಹೊಂದಿಸಬಹುದು; ಡೈನಾಮಿಕ್ ಬೂಸ್ಟ್ ಎನ್ನುವ ಏರ್ಪಾಡಿನಲ್ಲಿ ಇನ್ನೂ 25 ವ್ಯಾಟ್ ಸೇರುತ್ತದೆ. 230 ವ್ಯಾಟಿನ ಅಡಾಪ್ಟರ್ ಕೊಟ್ಟಿದ್ದಾರೆ ಎಂದರೆ ನಿಮ್ಮದು ಮೇಲ್ತುದಿಯ ಮಾದರಿ ಇರಬೇಕು. ಪ್ರೊಸೆಸರು ನಿರಂತರ ಕೆಲಸದಲ್ಲಿ 45ರಿಂದ 55 ವ್ಯಾಟ್ ತಿನ್ನುತ್ತದೆ. ಪರದೆ, ಫ್ಯಾನು, ಎಸ್‌ಎಸ್‌ಡಿ, ರ‍್ಯಾಮ್ ಸೇರಿ 20ರ ಆಸುಪಾಸು. ಒಟ್ಟು 200 ದಾಟಿತು, ಬ್ಯಾಟರಿ ಚಾರ್ಜ್ ಆಗುವುದು ಇದರ ಮೇಲೆ. ಅದೇ ಮಷಿನ್ನಿನಲ್ಲಿ ನೀವು ಸೊಸೈಟಿಯ ನೋಟಿಸ್ ಟೈಪ್ ಮಾಡುವಾಗ ಖರ್ಚಾಗುವುದು 25–40 ವ್ಯಾಟ್ ಅಷ್ಟೇ. ಅಂಗಡಿಯ ಪರೀಕ್ಷೆಯಲ್ಲಿ 120 ವ್ಯಾಟಿನದು ಪಾಸಾಗುವುದು ಇದೇ ಕಾರಣಕ್ಕೆ: ಚಾರ್ಜಿಂಗ್ ದೀಪ ಹೊತ್ತಿತು, ಡೆಸ್ಕ್‌ಟಾಪ್ ಬಂತು, ಬಿಲ್ ಆಯಿತು.

ಕಡಿಮೆ ವ್ಯಾಟಿನದು ಸಿಕ್ಕಿಸಿದಾಗ ಆಗುವುದು ಎಲ್ಲ ಮಷಿನ್ನಿನಲ್ಲೂ ಒಂದೇ ಅಲ್ಲ. ಡೆಲ್, ಎಚ್‌ಪಿಗಳ ದುಂಡು ಪಿನ್ನಿನ ನಡುವೆ ಸೂಜಿಯಂಥ ಕಡ್ಡಿ ಇರುತ್ತದೆ. ಅದರಲ್ಲಿ ಹರಿಯುವುದು ಪವರ್ ಅಲ್ಲ, ‘ನಾನು ಇಷ್ಟು ವ್ಯಾಟಿನವನು’ ಎನ್ನುವ ಗುರುತು. ಲೆನೊವೊದ ಚಪ್ಪಟೆ ಆಯತದ ಪಿನ್ನಿನಲ್ಲಿ ಅದೇ ಕೆಲಸವನ್ನು ಒಂದು ಪುಟ್ಟ ರೆಸಿಸ್ಟರ್ ಮಾಡುತ್ತದೆ. ಲ್ಯಾಪ್‌ಟಾಪ್ ಈ ಗುರುತನ್ನು ಓದಿ ತನ್ನ ಹಸಿವಿಗೆ ತಾನೇ ಮಿತಿ ಹಾಕಿಕೊಳ್ಳುತ್ತದೆ. ಗುರುತು ಸಿಗದೇ ಹೋದರೆ ಕೆಲವು ಮಷಿನ್‌ಗಳು ಪ್ರೊಸೆಸರಿನ ವೇಗವನ್ನು ತೀರ ನೆಲಕ್ಕಿಳಿಸಿ, ಬ್ಯಾಟರಿ ಚಾರ್ಜ್ ಮಾಡುವುದನ್ನೇ ನಿಲ್ಲಿಸುತ್ತವೆ. ಹಾಗಾಗಿ ಆ ನಡುವಿನ ಕಡ್ಡಿ ಬಾಗಿದ್ದರೆ ಕಂಪನಿಯದೇ ಅಡಾಪ್ಟರ್ ಕೂಡ ನಕಲಿಯ ಹಾಗೆ ವರ್ತಿಸುತ್ತದೆ. ಹೊಸದು ಕೊಳ್ಳುವ ಮುಂಚೆ ಟಾರ್ಚ್ ಹಾಕಿ ಪಿನ್ನಿನ ಒಳಗೊಮ್ಮೆ ನೋಡುವುದು ಒಳ್ಳೆಯದು.

ಗುರುತಿನ ವ್ಯವಸ್ಥೆಯೇ ಇಲ್ಲದ ದುಂಡು ಪಿನ್ನುಗಳದ್ದು ಬೇರೆ ಕಥೆ. ಅಲ್ಲಿ ಮಷಿನ್ ಎದುರಿಗಿರುವುದು 230ರದೇ ಎಂದು ನಂಬಿ ಎಳೆಯುತ್ತದೆ. ಒಳ್ಳೆಯ ಅಡಾಪ್ಟರಾದರೆ ಓವರ್‌ಲೋಡಿಗೆ ತಾನೇ ಕಟ್ ಆಗುತ್ತದೆ, ಒಂದೆರಡು ಸೆಕೆಂಡಿನಲ್ಲಿ ಮತ್ತೆ ಬರುತ್ತದೆ. ಪರದೆಯ ಬೆಳಕು ಕುಣಿಯುತ್ತದೆ, ಚಾರ್ಜಿಂಗ್ ಚಿಹ್ನೆ ಹೋಗಿ ಬಂದು ಮಾಡುತ್ತದೆ. ಅಗ್ಗದ್ದಾದರೆ ಕಟ್ ಆಗುವುದಿಲ್ಲ, ಬಿಸಿಯೇರುತ್ತದೆ. ಪ್ಲಾಸ್ಟಿಕ್ ವಾಸನೆ, ಪಿನ್ನಿನ ಬುಡದಲ್ಲಿ ಕಂದು ಬಣ್ಣ. ನೀವು ಬರೆದಿರುವ ಲಕ್ಷಣ, ಅಂದರೆ ತೆವಳುವುದು ಮತ್ತು ಪ್ಲಗ್ಗಿನಲ್ಲಿದ್ದೂ ಬ್ಯಾಟರಿ ಇಳಿಯುವುದು, ಗುರುತು ಓದುವ ಮೊದಲನೆಯ ಬಗೆಯದು. ಅಡಾಪ್ಟರ್ ಕೊಡುವುದು ಸಾಲದೆ ಉಳಿದದ್ದನ್ನು ಬ್ಯಾಟರಿಯಿಂದ ಕಡ ತರುತ್ತಿದೆ. ಸದ್ಯಕ್ಕೆ ಅಪಾಯವಿಲ್ಲ, ಆದರೆ ದಿನಕ್ಕೊಂದು ಸಲ ಬ್ಯಾಟರಿ ಬರಿದಾಗಿ ತುಂಬುತ್ತ ಹೋದರೆ ಅದು ಬೇಗ ಸವೆಯುತ್ತದೆ. ಅಡಾಪ್ಟರಿನಲ್ಲಿ ಉಳಿಸಿದ ದುಡ್ಡು ಬ್ಯಾಟರಿಗೆ ಹೋಗುತ್ತದೆ.

ಟೈಪ್-ಸಿ ವಿಷಯ. ಯುಎಸ್‌ಬಿ ಪವರ್ ಡೆಲಿವರಿಯಲ್ಲಿ 5, 9, 15, 20 ವೋಲ್ಟಿನ ಮೆಟ್ಟಿಲುಗಳಿವೆ. ಸಾಮಾನ್ಯ ಕೇಬಲ್ 3 ಆಂಪಿಯರ್‌ವರೆಗೆ, ಅಂದರೆ 60 ವ್ಯಾಟ್. 100 ವ್ಯಾಟ್ ಬೇಕಾದರೆ 5 ಆಂಪಿಯರ್ ಹರಿಯಬೇಕು, ಅದಕ್ಕೆ ತುದಿಯಲ್ಲಿ ‘ಇ-ಮಾರ್ಕರ್’ ಚಿಪ್ ಇರುವ ಕೇಬಲ್ಲೇ ಆಗಬೇಕು. 100 ವ್ಯಾಟಿನ ಚಾರ್ಜರ್ ಕೊಂಡು, ಮೊಬೈಲಿನ ಹಳೇ ಕೇಬಲ್ ಸಿಕ್ಕಿಸಿ, 60ರಲ್ಲೇ ನಿಂತಿತು ಎಂದು ಚಾರ್ಜರನ್ನು ಬೈಯುವವರು ಬಹಳ. 2021ರಲ್ಲಿ ಬಂದ ಪವರ್ ಡೆಲಿವರಿ 3.1ರಲ್ಲಿ 28, 36, 48 ವೋಲ್ಟಿನ ಮೆಟ್ಟಿಲುಗಳು ಸೇರಿ 140, 180, 240 ವ್ಯಾಟ್‌ವರೆಗೆ ದಾರಿಯಾಯಿತು. ಆದರೆ ಚಾರ್ಜರ್, ಕೇಬಲ್, ಲ್ಯಾಪ್‌ಟಾಪಿನ ಪೋರ್ಟು ಮೂರೂ ಅದನ್ನು ಒಪ್ಪಿದರೆ ಮಾತ್ರ. ನಿಮ್ಮ ಮಷಿನ್ನಿನಂಥ ದೊಡ್ಡ ಪಿನ್ನಿನ ಲ್ಯಾಪ್‌ಟಾಪುಗಳಲ್ಲಿ ಚಾರ್ಜ್ ತೆಗೆದುಕೊಳ್ಳುವ ಟೈಪ್-ಸಿ ಪೋರ್ಟು ಇದ್ದರೂ ಸಾಮಾನ್ಯವಾಗಿ ಒಂದೇ, ಅದೂ 100 ಅಥವಾ 140 ವ್ಯಾಟಿಗೆ ಸೀಮಿತ. ಕೆಲವು ಮಾದರಿಗಳಲ್ಲಿ ಅದೂ ಇಲ್ಲ. ಕೈಪಿಡಿಯಲ್ಲಿ ‘ಪಿಡಿ ಇನ್’ ಎಂದು ಇದೆಯೇ ನೋಡಿ. ಬರೀ ‘ಟೈಪ್-ಸಿ’ ಎಂದಿದ್ದರೆ ಅದು ಡೇಟಾಕ್ಕೆ ಮಾತ್ರ ಇರಬಹುದು.

ಎರಡು ಮೂರು ತೂತಿನ 100 ವ್ಯಾಟ್ ಚಾರ್ಜರ್ ಕೊಂಡರೆ ಒಂದು ಕಿರಿಕಿರಿ ಗೊತ್ತಿರಲಿ. ಪಕ್ಕದ ತೂತಿಗೆ ಮೊಬೈಲ್ ಸಿಕ್ಕಿಸಿದ ಕೂಡಲೇ ಚಾರ್ಜರ್ ಹಂಚಿಕೆಯನ್ನು ಹೊಸದಾಗಿ ಮಾಡುತ್ತದೆ. ಲ್ಯಾಪ್‌ಟಾಪಿಗೆ ಕ್ಷಣ ಕರೆಂಟು ತಪ್ಪಿ 65ಕ್ಕೆ ಇಳಿಯುತ್ತದೆ. ಕೆಟ್ಟಿದೆ ಎಂದುಕೊಳ್ಳಬೇಡಿ.

ಈ ಸಣ್ಣ ಚಾರ್ಜರಿನ ನಿಜವಾದ ಬೆಲೆ ಇರುವುದು ಇನ್ವರ್ಟರಿನಲ್ಲಿ. 12 ವೋಲ್ಟ್, 150 ಎಎಚ್ ಬ್ಯಾಟರಿ ಎಂದರೆ ಕಾಗದದ ಮೇಲೆ 1,800 ವ್ಯಾಟ್-ಅವರ್. ಪೂರ್ತಿ ಬರಿದು ಮಾಡಬಾರದು, ಇನ್ವರ್ಟರ್ ಕೂಡ ತನ್ನ ಪಾಲು ತಿನ್ನುತ್ತದೆ. ಕೈಗೆ ಬರುವುದನ್ನು ಸಾವಿರ ಅಂತ ಇಟ್ಟುಕೊಳ್ಳಿ. 230 ವ್ಯಾಟಿನ ಅಡಾಪ್ಟರ್ ಪೂರ್ತಿ ಹೊರೆಯಲ್ಲಿ ಗೋಡೆಯಿಂದ 260ರಷ್ಟು ಎಳೆಯುತ್ತದೆ. ಲೈಟು ಫ್ಯಾನು ಬಿಟ್ಟರೂ ನಾಲ್ಕು ಗಂಟೆಗೆ ಮುಗಿಯಿತು. ಅದೇ ಟೈಪ್-ಸಿಯಲ್ಲಿ 65 ವ್ಯಾಟ್ ಒಳಗೆ ಕೆಲಸ ಮಾಡಿಕೊಂಡರೆ ಗೋಡೆಯಿಂದ 75, ಹದಿಮೂರು ಗಂಟೆ. ಜುಲೈ ತಿಂಗಳಲ್ಲಿ ಮರ ಬಿದ್ದು ಲೈನ್ ಕಡಿದು, ಮೆಸ್ಕಾಂನವರು ಕಾಡಿನ ದಾರಿಯಲ್ಲಿ ಹುಡುಕಿಕೊಂಡು ಬಂದು ಸರಿಮಾಡುವವರೆಗೆ ಈ ವ್ಯತ್ಯಾಸವೇ ಮುಖ್ಯ. ಮಾಡೆಲ್ ಟ್ರೈನಿಂಗ್, ರೆಂಡರಿಂಗ್‌ನಂಥ ಭಾರದ ಕೆಲಸವನ್ನು ಇನ್ವರ್ಟರಿನಲ್ಲಿ ಮಾಡಲೇಬಾರದು ಅಂತ ಅಲ್ಲ, ಆದರೆ ಆಮೇಲೆ ರಾತ್ರಿ ಕತ್ತಲಲ್ಲಿ ಕೂರಬೇಕಾಗುತ್ತದೆ.

ಇನ್ವರ್ಟರ್ ಯಾವ ಬಗೆಯದು ಎಂದೂ ನೋಡಿ. 75 ವ್ಯಾಟಿಗಿಂತ ದೊಡ್ಡ ಅಡಾಪ್ಟರುಗಳಲ್ಲಿ ಸಾಮಾನ್ಯವಾಗಿ ಪವರ್ ಫ್ಯಾಕ್ಟರ್ ತಿದ್ದುವ ಸರ್ಕ್ಯೂಟ್ ಇರುತ್ತದೆ. ಅದು ಮೇನ್ಸಿನ ನಯವಾದ ಅಲೆಗೆ ಹೊಂದಿಕೊಂಡದ್ದು. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಅದು ಗುಂಯ್ ಎನ್ನುತ್ತದೆ, ಬಿಸಿಯಾಗುತ್ತದೆ, ಕೆಲವೊಮ್ಮೆ ಶುರುವೇ ಆಗುವುದಿಲ್ಲ. ದೊಡ್ಡ ಅಡಾಪ್ಟರಿಗೆ ಸೈನ್ ವೇವ್ ಇನ್ವರ್ಟರೇ ಬೇಕು. ಹಿಂಭಾಗದಲ್ಲಿ ಯುಪಿಎಸ್ ಮತ್ತು ಇನ್ವರ್ಟರ್ ಎನ್ನುವ ಸ್ವಿಚ್ ಇದ್ದರೆ ಅದಕ್ಕೊಂದು ಅರ್ಥವಿದೆ. ಇನ್ವರ್ಟರ್ ಸ್ಥಾನದಲ್ಲಿ ಸುಮಾರು 100ರಿಂದ 290 ವೋಲ್ಟ್‌ವರೆಗೆ ಲೈನನ್ನು ಹಾಗೇ ಒಳಗೆ ಬಿಡುತ್ತದೆ. ಯುಪಿಎಸ್ ಸ್ಥಾನದಲ್ಲಿ ಸುಮಾರು 180ಕ್ಕಿಂತ ಇಳಿದರೆ ಅಥವಾ 260 ದಾಟಿದರೆ ಬ್ಯಾಟರಿಗೆ ಹಾರುತ್ತದೆ. ಲ್ಯಾಪ್‌ಟಾಪಿಗೆ ತನ್ನದೇ ಬ್ಯಾಟರಿ ಇರುವುದರಿಂದ ಎಷ್ಟು ಬೇಗ ಹಾರುತ್ತದೆ ಎನ್ನುವುದು ಲೆಕ್ಕಕ್ಕಿಲ್ಲ, 290 ವೋಲ್ಟನ್ನು ಒಳಗೆ ಬಿಡುತ್ತದೆಯೇ ಎನ್ನುವುದೇ ಲೆಕ್ಕ. ಆದರೆ ತೋಟಗಳ ಪಂಪುಸೆಟ್ಟು ಶುರುವಾದ ಕೂಡಲೇ ನಿಮ್ಮಲ್ಲಿ ವೋಲ್ಟೇಜ್ 170ಕ್ಕೆ ಇಳಿಯುತ್ತದೆ ಎಂದರೆ ಯುಪಿಎಸ್ ಸ್ಥಾನದಲ್ಲಿ ಬ್ಯಾಟರಿ ಸುಮ್ಮನೆ ಖಾಲಿಯಾಗುತ್ತಿರುತ್ತದೆ. ಅಂಥ ಮನೆಯಲ್ಲಿ ಇನ್ವರ್ಟರ್ ಸ್ಥಾನದಲ್ಲೇ ಇಟ್ಟು, ಹೈ ವೋಲ್ಟೇಜ್ ತಡೆಯುವುದನ್ನು ಮೇನ್ ಬೋರ್ಡಿಗೆ ವಹಿಸುವುದು ವಾಸಿ.

ಯಾಕೆಂದರೆ ಲೋ ವೋಲ್ಟೇಜಿಗೆ ಲ್ಯಾಪ್‌ಟಾಪ್ ಅಡಾಪ್ಟರ್ ಹೆದರುವುದಿಲ್ಲ. ಅದರ ಮೇಲೆ 100–240 ವೋಲ್ಟ್ ಎಂದೇ ಬರೆದಿರುತ್ತದೆ. 230ರಲ್ಲಿ 1.1 ಆಂಪಿಯರ್ ಎಳೆಯುತ್ತಿದ್ದದ್ದು 170ರಲ್ಲಿ 1.5 ಎಳೆಯುತ್ತದೆ, ಅಷ್ಟೇ. ಇದಕ್ಕಾಗಿ ಸ್ಟೆಬಿಲೈಸರ್ ಕೊಳ್ಳುವುದು ದಂಡ. ಕೊಲ್ಲುವುದು ಹೈ ವೋಲ್ಟೇಜ್. ಏಸಿ 240 ವೋಲ್ಟಿನ ತುತ್ತತುದಿ 339 ವೋಲ್ಟ್, 300ರ ತುದಿ 424. ಅಡಾಪ್ಟರಿನ ಒಳಗೆ ಮೊದಲು ಎದುರಾಗುವ ದಪ್ಪ ಕೆಪಾಸಿಟರಿನ ಮೇಲೆ ಸಾಮಾನ್ಯವಾಗಿ 400 ಅಥವಾ 450 ವೋಲ್ಟ್ ಎಂದಿರುತ್ತದೆ. ಎಷ್ಟು ಕಿರಿದಾದ ಅಂತರ ನೋಡಿ. ಮಳೆಗಾಳಿಗೆ ಕೊಂಬೆ ಬಿದ್ದು ನ್ಯೂಟ್ರಲ್ ತಂತಿ ಕಡಿದರೆ ಒಂದು ಫೇಸಿನ ಮನೆಗೂ 400 ವೋಲ್ಟಿನ ಹತ್ತಿರ ಬರಬಹುದು. ಸಿಡಿಲಿಗೆ ಹೋಯಿತು ಎಂದುಕೊಂಡ ಎಷ್ಟೋ ಟಿವಿ, ಅಡಾಪ್ಟರುಗಳು ನಿಜವಾಗಿ ನ್ಯೂಟ್ರಲ್ಲಿಗೆ ಹೋದವು. ಅಂದು ಪಕ್ಕದ ಮನೆಗಳಲ್ಲಿ ಕೆಲವರಿಗೆ ಬಲ್ಬು ಝಗ್ಗನೆ ಉರಿದು, ಕೆಲವರಿಗೆ ಮಂಕಾಗಿತ್ತೇ ಕೇಳಿ. ಹೌದು ಎಂದರೆ ಅದೇ ಕಾರಣ.

ಮದ್ದು ಎರಡು. ಎಂಸಿಬಿ ಬಾಕ್ಸಿನಲ್ಲಿ ಕೂರುವ ಓವರ್-ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್ ಹಾಕಿಸಿ, 270ಕ್ಕೆ ಕಟ್ ಆಗುವಂತೆ, ಮತ್ತೆ ಸೇರಲು ಒಂದೆರಡು ನಿಮಿಷ ತಡ ಇಟ್ಟು. ಸಿಡಿಲಿನ ಚುರುಕು ಏಟಿಗೆ ಇದು ಸಾಲದು, ಅದಕ್ಕೆ ಟೈಪ್ 2 ಎಸ್‌ಪಿಡಿ ಪಕ್ಕದಲ್ಲೇ ಬೇಕು. ಎಸ್‌ಪಿಡಿ ಏಟನ್ನು ಭೂಮಿಗೆ ಇಳಿಸುವ ಸಾಧನ. ಅರ್ಥಿಂಗ್ ಸರಿಯಿಲ್ಲದಿದ್ದರೆ ಅದು ಬರೀ ಅಲಂಕಾರ. ಜಂಬಿಟ್ಟಿಗೆ ನೆಲದಲ್ಲಿ ಅರ್ಥ್ ಗುಂಡಿ ಬೇಸಿಗೆಗೆ ಒಣಗಿ ಕೈಕೊಡುತ್ತದೆ. ಮೊದಲ ಗುಡುಗು ಮಳೆ ಬರುವುದೂ ಅದೇ ಹೊತ್ತಿಗೆ, ಹಾಗಾಗಿ ಮಾರ್ಚಿನಿಂದಲೇ ಗುಂಡಿಗೆ ನೀರು ಹಾಕಿ. ಎಲೆಕ್ಟ್ರಿಷಿಯನ್ ಬಂದಾಗ ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಮೀಟರ್ ಹಿಡಿಯಲು ಹೇಳಿ. ಎರಡು ಮೂರು ವೋಲ್ಟಿನೊಳಗಿದ್ದರೆ ಸರಿ. ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದರೆ ಚುರುಚುರು ಎನ್ನುತ್ತಿದ್ದರೆ ಅರ್ಥ್ ತಲುಪುತ್ತಿಲ್ಲ ಎಂದೇ ತಿಳಿಯಿರಿ. ಎರಡು ಪಿನ್ನಿನ ಕನ್ವರ್ಟರ್ ಹಾಕಿದ್ದರೂ ಹೀಗೆ. ಇಷ್ಟೆಲ್ಲ ಇದ್ದರೂ ನೇರ ಸಿಡಿಲಿಗೆ ಯಾವ ಪೆಟ್ಟಿಗೆಯೂ ನಿಲ್ಲದು. ಮೋಡ ಕಟ್ಟಿತೆಂದರೆ ಪ್ಲಗ್ ಕೀಳುವುದೇ. ಸ್ವಿಚ್ ಆರಿಸಿದರೆ ಸಾಲದು. ಲ್ಯಾನ್ ಕೇಬಲ್ ಇದ್ದರೆ ಅದನ್ನೂ ಕೀಳಿ, ಏಟು ಆ ದಾರಿಯಲ್ಲೂ ಬರುತ್ತದೆ.

ಕೊಳ್ಳುವಾಗ ನೋಡಬೇಕಾದ್ದು: ಹಳೆಯದರ ಮೇಲಿನ ಪಾರ್ಟ್ ನಂಬರ್ ಹೊಸದರಲ್ಲೂ ಅದೇ ಅಥವಾ ಕಂಪನಿ ಒಪ್ಪಿದ ಬದಲಿ ಇರಬೇಕು. ಔಟ್‌ಪುಟ್ ಸಾಲಿನ ವೋಲ್ಟನ್ನೂ ಆಂಪಿಯರನ್ನೂ ನೀವೇ ಗುಣಿಸಿ. ದೊಡ್ಡ ಅಕ್ಷರದಲ್ಲಿ 230 ವ್ಯಾಟ್ ಎಂದಿದ್ದು ಸಣ್ಣ ಅಕ್ಷರದಲ್ಲಿ 20 ವೋಲ್ಟ್, 6.75 ಆಂಪಿಯರ್ ಇದ್ದರೆ ಅದು 135ರದು. ಬಿಐಎಸ್ ಗುರುತಿನ ಕೆಳಗೆ ‘ಆರ್’ ಅಕ್ಷರದಿಂದ ಶುರುವಾಗುವ ಎಂಟಂಕಿಯ ನೋಂದಣಿ ಸಂಖ್ಯೆ ಇರುತ್ತದೆ. ಬಿಐಎಸ್ ಕೇರ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಯಾರ ಹೆಸರಿನಲ್ಲಿದೆ ಎಂದು ಬರುತ್ತದೆ. ಪಿನ್ನು ಬದಲಿಸುವ ಕನ್ವರ್ಟರ್ ತುಂಡುಗಳನ್ನು ಈ ವ್ಯಾಟಿನಲ್ಲಿ ಮುಟ್ಟಲೇಬೇಡಿ. 11 ಆಂಪಿಯರ್ ಹರಿಯುವ ಕಡೆ ಸಡಿಲವಾದ ಒಂದು ಕೂಡಿಕೆ ಸಾಕು ಕರಗಲು.

ಮನೆಗೆ ತಂದ ಮೇಲೆ ಪರೀಕ್ಷೆ ಹೀಗೆ. ಬ್ಯಾಟರಿ 70 ಶೇಕಡಾ ಇರುವಾಗ ಪ್ಲಗ್ ಹಾಕಿ, ಪವರ್ ಮೋಡನ್ನು ಪರ್ಫಾರ್ಮೆನ್ಸ್‌ಗೆ ಇಟ್ಟು, ಮಗಳ ಅತಿ ಭಾರದ ಪ್ರಾಜೆಕ್ಟನ್ನು ಅರ್ಧ ಗಂಟೆ ಓಡಿಸಿ. ಬ್ಯಾಟರಿ ಏರಬೇಕು, ಇಲ್ಲವೇ ನಿಲ್ಲಬೇಕು; ಇಳಿದರೆ ಅಡಾಪ್ಟರ್ ಹೇಳಿದ್ದನ್ನು ಕೊಡುತ್ತಿಲ್ಲ. ಅಡಾಪ್ಟರಿನ ಮೈ ಬಿಸಿಯಾದರೆ ಗಾಬರಿ ಬೇಡ. 260 ಎಳೆದು 230 ಕೊಟ್ಟರೆ ಉಳಿದ 30 ವ್ಯಾಟ್ ಶಾಖವೇ, ರೇಡಿಯೊ ರಿಪೇರಿಯವರ ಸಾಲ್ಡರಿಂಗ್ ಕಡ್ಡಿಯಷ್ಟು. ಆ ಕಡ್ಡಿಯನ್ನು ಯಾರಾದರೂ ಹಾಸಿಗೆಯ ಮೇಲೆ, ಕಂಬಳಿಯ ಕೆಳಗೆ ಇಡುತ್ತಾರೆಯೇ? ಅಡಾಪ್ಟರನ್ನೂ ಇಡಬಾರದು. ನೆಲದ ಮೇಲೆ ಅಥವಾ ಮರದ ಹಲಗೆಯ ಮೇಲೆ, ಸುತ್ತ ಗಾಳಿಯಾಡುವಂತೆ.

ಇನ್ನು ಓಎಸ್. ವಿಂಡೋಸ್ 10ಕ್ಕೆ ಇಳಿಸಿದರೆ ಹಗುರವಾಗುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಅದರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೋಮ್‌ನಿಂದ ಪ್ರೊಗೆ ಏರಿಸುವ ಖರ್ಚೂ ಬೇಡ. ರಿಮೋಟ್ ಡೆಸ್ಕ್‌ಟಾಪಿನಲ್ಲಿ ಹೊರಗಿನಿಂದ ಒಳಗೆ ಬರುವುದು, ಹೈಪರ್-ವಿ, ಗ್ರೂಪ್ ಪಾಲಿಸಿ ಇವೆಲ್ಲ ಪ್ರೊದಲ್ಲಿ ಸಿಗುತ್ತವೆ, ನಿಮ್ಮಿಬ್ಬರಿಗೂ ಬೇಕಿಲ್ಲ. ಜೊತೆಗೆ ಬಂದ ವಿಂಡೋಸಿನ ಲೈಸೆನ್ಸ್ ಕೀ ಮದರ್‌ಬೋರ್ಡಿನಲ್ಲೇ ಇರುತ್ತದೆ. ಮುಂದೆ ಫಾರ್ಮ್ಯಾಟ್ ಮಾಡಬೇಕಾಗಿ ಬಂದರೂ ಹೋಮ್ ಆವೃತ್ತಿಯನ್ನೇ ಹಾಕಿದರೆ ತಾನೇ ಆ್ಯಕ್ಟಿವೇಟ್ ಆಗುತ್ತದೆ, ಅಂಗಡಿಯ ‘ಕ್ರ್ಯಾಕ್’ ಅಗತ್ಯವಿಲ್ಲ.

ನುಡಿ ತಂತ್ರಾಂಶ ವಿಂಡೋಸಿನದು. ಸೊಸೈಟಿಯ ಹಳೆಯ ಕಡತಗಳು ನುಡಿಯ ಆಸ್ಕಿ ಫಾಂಟಿನಲ್ಲಿದ್ದರೆ ಲಿನಕ್ಸಿನಲ್ಲಿ ತೆರೆದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಹೊಸ ಪತ್ರಗಳನ್ನಾದರೂ ಯೂನಿಕೋಡಿನಲ್ಲೇ ಮಾಡಿ ಎನ್ನುವುದು ನನ್ನ ಒತ್ತಾಯ. ಆಗ ಉಬುಂಟುವಿನಲ್ಲೂ ತೊಂದರೆಯಿಲ್ಲ, ಕೀಬೋರ್ಡ್ ಪಟ್ಟಿಯಲ್ಲಿ ನುಡಿಯಂಥದೇ ‘ಕಗಪ’ ವಿನ್ಯಾಸ ಇದೆ, ಬೆರಳಿಗೆ ಹೊಸದಾಗಿ ಹೆಚ್ಚೇನೂ ಕಲಿಸಬೇಕಿಲ್ಲ.

ಮಗಳಿಗೆ ಲಿನಕ್ಸ್ ಬೇಕಿರುವುದು ಪೈಥಾನ್, ‘ಕೂಡಾ’ (CUDA, ಗ್ರಾಫಿಕ್ಸ್ ಚಿಪ್ಪಿನಲ್ಲಿ ಲೆಕ್ಕ ಮಾಡಿಸುವ ಎನ್‌ವಿಡಿಯಾದ ತಂತ್ರಾಂಶ) ಇಂಥವುಗಳಿಗೆ ಎಂದು ಊಹಿಸುತ್ತೇನೆ. ಹಾಗಿದ್ದರೆ ಮೊದಲು ಡಬ್ಲ್ಯುಎಸ್‌ಎಲ್ 2 ಸಾಕು. ವಿಂಡೋಸಿನ ಒಳಗೇ ಉಬುಂಟು, ಹೋಮ್ ಆವೃತ್ತಿಯಲ್ಲೂ ನಡೆಯುತ್ತದೆ. ಬಯಾಸಿನಲ್ಲಿ (ವಿಂಡೋಸ್ ಏಳುವ ಮುಂಚೆ ತೆರೆಯುವ ಮಷಿನ್ನಿನ ಮೂಲ ಸೆಟ್ಟಿಂಗ್) ವರ್ಚುವಲೈಸೇಶನ್ ಆನ್ ಇರಬೇಕು. ಟರ್ಮಿನಲನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಡಬ್ಲ್ಯುಎಸ್‌ಎಲ್, ಒಂದು ಜಾಗ ಬಿಟ್ಟು ಎರಡು ಅಡ್ಡಗೆರೆ, ಅಂಟಿಕೊಂಡು ಇನ್‌ಸ್ಟಾಲ್ ಎಂದು ಕೊಟ್ಟರೆ ಉಬುಂಟುವೇ ಬರುತ್ತದೆ. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದು: ಉಬುಂಟು ಒಳಗೆ ಮತ್ತೊಮ್ಮೆ ಎನ್‌ವಿಡಿಯಾ ಡ್ರೈವರ್ ಹಾಕುವುದು. ಹಾಕಬಾರದು. ವಿಂಡೋಸಿನಲ್ಲಿರುವ ಡ್ರೈವರೇ ಒಳಗಡೆಗೂ ಕೆಲಸ ಮಾಡುತ್ತದೆ. ಒಳಗೆ ಬೇಕಾದ್ದು ‘ಕೂಡಾ’ ಟೂಲ್‌ಕಿಟ್ ಮಾತ್ರ. ಇನ್ನೊಂದು, ಪ್ರಾಜೆಕ್ಟಿನ ಕಡತಗಳನ್ನು ಸಿ ಡ್ರೈವಿನಲ್ಲಿ ಇಟ್ಟು ಉಬುಂಟುವಿನಿಂದ ಓದಿಸಿದರೆ ಎಳೆದಾಡುತ್ತದೆ. ಉಬುಂಟುವಿನ ಹೋಮ್ ಫೋಲ್ಡರಿಗೇ ನಕಲು ಮಾಡಿಕೊಳ್ಳಲಿ. ಡಬ್ಲ್ಯುಎಸ್‌ಎಲ್ ರ‍್ಯಾಮಿನ ಅರ್ಧದವರೆಗೆ ತೆಗೆದುಕೊಳ್ಳುತ್ತದೆ, 16ರಲ್ಲಿ 8. ಮಾಡೆಲುಗಳಿಗೆ ಇದು ಇಕ್ಕಟ್ಟು. ರ‍್ಯಾಮ್ ಬದಲಿಸಬಹುದಾದ ಮಾದರಿಯಾದರೆ 32ಕ್ಕೆ ಏರಿಸುವುದು ಓಎಸ್ ಬದಲಿಸುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಗ್ರಾಫಿಕ್ಸಿನ ಸ್ವಂತ ಮೆಮೊರಿ 8 ಜಿಬಿ. ಅದನ್ನು ಯಾವ ಓಎಸ್ಸೂ ಹಿಗ್ಗಿಸಲಾರದು.

ಪೂರ್ತಿ ಉಬುಂಟುವೇ ಬೇಕು ಎಂದರೆ ವಿಂಡೋಸ್ ಇರುವ ಡಿಸ್ಕನ್ನು ಕತ್ತರಿಸಬೇಡಿ. ಇಂಥ ಮಷಿನ್‌ಗಳಲ್ಲಿ ಸಾಮಾನ್ಯವಾಗಿ ಎರಡನೆಯ ಎಂ.2 ಜಾಗ ಖಾಲಿ ಇರುತ್ತದೆ. 500 ಜಿಬಿ ಎಸ್‌ಎಸ್‌ಡಿ ಹಾಕಿ ಅದರಲ್ಲಿ ಉಬುಂಟು 24.04 ಎಲ್‌ಟಿಎಸ್ ಇಡಿ. 2024ರ ಏಪ್ರಿಲ್‌ನಲ್ಲಿ ಬಂದದ್ದು, ಐದು ವರ್ಷ ಬೆಂಬಲವಿದೆ, ಡಿಗ್ರಿ ಮುಗಿಯುವವರೆಗೆ ಮುಟ್ಟಬೇಕಿಲ್ಲ. ಫೆಡೋರಾ ಚೆನ್ನಾಗಿದೆ, ಆದರೆ ಆರು ತಿಂಗಳಿಗೊಂದು ಹೊಸದು. ಪರೀಕ್ಷೆಯ ಹೊತ್ತಿನಲ್ಲಿ ಅಪ್‌ಗ್ರೇಡ್ ಸಹವಾಸ ಯಾರಿಗೆ ಬೇಕು?

ಶುರು ಮಾಡುವ ಮುಂಚೆ ವಿಂಡೋಸಿನಲ್ಲಿ ಮೂರು ಕೆಲಸ. ಡಿವೈಸ್ ಎನ್‌ಕ್ರಿಪ್ಶನ್ ಆನ್ ಇದ್ದರೆ ಮೈಕ್ರೋಸಾಫ್ಟ್ ಖಾತೆಯಿಂದ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಡಿ. ಬಯಾಸಿನಲ್ಲಿ ಏನಾದರೂ ಬದಲಿಸಿದರೆ ಅದು 48 ಅಂಕಿಯ ಈ ಕೀ ಕೇಳಿ ಕೂರುತ್ತದೆ. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಇಲ್ಲದಿದ್ದರೆ ವಿಂಡೋಸಿನ ಡ್ರೈವುಗಳಿಗೆ ಉಬುಂಟುವಿನಿಂದ ಬರೆಯಲಾಗುವುದಿಲ್ಲ. ಇಂಟೆಲ್ ಪ್ರೊಸೆಸರಾಗಿದ್ದು ಇನ್‌ಸ್ಟಾಲರಿಗೆ ಡಿಸ್ಕೇ ಕಾಣದಿದ್ದರೆ ಬಯಾಸಿನ ವಿಎಂಡಿ (ಡಿಸ್ಕ್ ನಿಭಾಯಿಸುವ ಇಂಟೆಲ್ ಏರ್ಪಾಡು) ಕಾರಣ. ಆದರೆ ಅದನ್ನು ಏಕಾಏಕಿ ಆಫ್ ಮಾಡಿದರೆ ವಿಂಡೋಸ್ ನೀಲಿ ಪರದೆ ತೋರಿಸುತ್ತದೆ. ಮೊದಲು ಸಿಸ್ಟಂ ಕಾನ್ಫಿಗರೇಶನ್ನಿನ ಬೂಟ್ ಪುಟದಲ್ಲಿ ಸೇಫ್ ಬೂಟ್ ಗುರುತು ಹಾಕಿ, ರೀಸ್ಟಾರ್ಟ್ ಮಾಡಿ ನೇರ ಬಯಾಸಿಗೆ ಹೋಗಿ ವಿಎಂಡಿ ಆಫ್ ಮಾಡಿ, ವಿಂಡೋಸ್ ಸೇಫ್ ಮೋಡಿನಲ್ಲಿ ಒಮ್ಮೆ ಎದ್ದ ಮೇಲೆ ಗುರುತು ತೆಗೆಯಿರಿ. ಸೇಫ್ ಮೋಡಿನಲ್ಲಿ ಪಿನ್ ಸಂಖ್ಯೆ ಒಪ್ಪದೇ ಹೋಗಬಹುದು, ಖಾತೆಯ ಪಾಸ್‌ವರ್ಡ್ ನೆನಪಿರಲಿ.

ಇನ್‌ಸ್ಟಾಲ್ ಮಾಡುವಾಗ ಥರ್ಡ್ ಪಾರ್ಟಿ ಡ್ರೈವರ್ ಎನ್ನುವ ಚೌಕಕ್ಕೆ ಗುರುತು ಹಾಕಿ. ಸೆಕ್ಯೂರ್ ಬೂಟ್ ಇದ್ದರೆ ಒಂದು ತಾತ್ಕಾಲಿಕ ಪಾಸ್‌ವರ್ಡ್ ಕೇಳುತ್ತದೆ. ರೀಸ್ಟಾರ್ಟ್ ಆದಾಗ ನೀಲಿ ಪರದೆಯಲ್ಲಿ ಹತ್ತು ಸೆಕೆಂಡ್ ಎಣಿಕೆ ಬರುತ್ತದೆ. ಅಷ್ಟರೊಳಗೆ ಯಾವುದಾದರೂ ಕೀ ಒತ್ತಿ, ‘ಎನ್‌ರೋಲ್ ಎಂಒಕೆ’ ಆರಿಸಿ, ಅದೇ ಪಾಸ್‌ವರ್ಡ್ ಕೊಡಬೇಕು. ಚಹಾ ತರಲು ಎದ್ದು ಹೋದರೆ ಆ ಪರದೆ ತಪ್ಪಿತು, ಎನ್‌ವಿಡಿಯಾ ಡ್ರೈವರ್ ಲೋಡ್ ಆಗುವುದಿಲ್ಲ, ಗ್ರಾಫಿಕ್ಸ್ ಕಾರ್ಡು ಇದ್ದೂ ಇಲ್ಲದಂತೆ. ಆಮೇಲೆ ವಿಂಡೋಸಿಗೆ ಮರಳಿದಾಗ ಗಡಿಯಾರ ಐದೂವರೆ ಗಂಟೆ ಹಿಂದಿರುತ್ತದೆ. ಉಬುಂಟು ಮಷಿನ್ನಿನ ಗಡಿಯಾರವನ್ನು ಗ್ರೀನಿಚ್ ಕಾಲಕ್ಕೆ ಇಟ್ಟಿದ್ದರಿಂದ. ಉಬುಂಟುವಿನಲ್ಲಿ ಸ್ಥಳೀಯ ಕಾಲ ಬಳಸುವಂತೆ ಒಂದು ಸಾಲಿನಲ್ಲಿ ಹೇಳಬಹುದು.

ಅಡಾಪ್ಟರಿನ ಮಾತು ಇಲ್ಲಿ ಮತ್ತೆ ಬರುತ್ತದೆ. ಉಬುಂಟುವಿನಲ್ಲಿ ‘ಎನ್‌ವಿಡಿಯಾ-ಪವರ್‌ಡಿ’ ಎನ್ನುವ ಸೇವೆ ಓಡದಿದ್ದರೆ ಡೈನಾಮಿಕ್ ಬೂಸ್ಟಿನ ಆ 25 ವ್ಯಾಟ್ ಸಿಗುವುದಿಲ್ಲ. 230 ವ್ಯಾಟಿನ ಅಡಾಪ್ಟರ್ ಇದ್ದೂ ವಿಂಡೋಸಿಗಿಂತ ನಿಧಾನ ಎಂದು ಮಗಳು ದೂರಿದರೆ ಮೊದಲು ನೋಡಬೇಕಾದ್ದು ಇದನ್ನು. ‘ಎನ್‌ವಿಡಿಯಾ-ಎಸ್‌ಎಂಐ’ ಕಮಾಂಡಿನಲ್ಲಿ ಈಗ ಎಷ್ಟು ವ್ಯಾಟ್, ಮಿತಿ ಎಷ್ಟು ಎರಡೂ ಕಾಣುತ್ತವೆ. ಪ್ಲಗ್ ಹಾಕಿ ಒಮ್ಮೆ, ಕಿತ್ತು ಒಮ್ಮೆ ನೋಡಲಿ: 80 ವ್ಯಾಟ್-ಅವರಿನ ಬ್ಯಾಟರಿಗೆ 200 ವ್ಯಾಟ್ ಹರಿಸುವ ತಾಕತ್ತಿಲ್ಲ, ಆದ್ದರಿಂದ ಕಿತ್ತಾಗ ಯಾವ ಓಎಸ್ಸಿನಲ್ಲಾದರೂ ಗ್ರಾಫಿಕ್ಸ್ ಕುಗ್ಗುತ್ತದೆ. ಗೇಮ್ಸ್ ವಿಷಯಕ್ಕೆ ಒಂದೇ ಮಾತು: ವಾಲರಂಟ್ ಲಿನಕ್ಸಿನಲ್ಲಿ ನಡೆಯುವುದಿಲ್ಲ.

ಚಾರ್ಜ್ ಮಿತಿಯನ್ನು ವಿಂಡೋಸಿನಲ್ಲಿ ಕಂಪನಿಯ ಆ್ಯಪಿನಿಂದ 80ಕ್ಕೆ ಇಡಿ, ಸದಾ ಪ್ಲಗ್ಗಿನಲ್ಲಿರುವ ಮಷಿನ್ನಿಗೆ ಅದು ಹಿತ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಮಲೆನಾಡಿನಲ್ಲಿ 100ಕ್ಕೇ ಬಿಡಿ. ಬ್ಯಾಟರಿಯ ಆಯುಷ್ಯ ಸ್ವಲ್ಪ ಸವೆದರೂ ಸಬ್‌ಮಿಷನ್ ದಿನ ಕೈಕೊಡುವುದಿಲ್ಲ. ಮಳೆಗಾಲದಲ್ಲಿ ಮಷಿನ್ನನ್ನು ದಿನಕ್ಕೊಂದು ಗಂಟೆಯಾದರೂ ಓಡಿಸಿ, ಒಳಗಿನ ಶಾಖಕ್ಕೆ ತೇವ ಆರುತ್ತದೆ. ಬ್ಯಾಗಿಗೆ ಹಾಕುವಾಗ ಸ್ಲೀಪ್ ಬೇಡ, ಹೈಬರ್ನೇಟ್ ಅಥವಾ ಶಟ್‌ಡೌನ್. ಈಗಿನ ಮಷಿನ್‌ಗಳ ಸ್ಲೀಪ್ ಅರೆನಿದ್ದೆ, ಮುಚ್ಚಿದ ಬ್ಯಾಗಿನಲ್ಲೇ ಎಚ್ಚರಾಗಿ ಬಿಸಿಯೇರುತ್ತವೆ. ಚಾರ್ಜಿಂಗ್ ಪಿನ್ನಿನಲ್ಲಿ ಹಸಿರು ಕಿಲುಬು ಕಂಡರೆ ಪ್ಲಗ್ ಕಿತ್ತು ಐಸೊಪ್ರೊಪಿಲ್ ಆಲ್ಕೊಹಾಲ್ ಹಚ್ಚಿದ ಹತ್ತಿಕಡ್ಡಿಯಿಂದ ಒರೆಸಿ.

ಸುಟ್ಟ ಹಳೆಯ ಅಡಾಪ್ಟರನ್ನು ಬಿಚ್ಚಿಸಿ ರಿಪೇರಿ ಮಾಡಿಸಲು ಹೋಗಬೇಡಿ. ಅದರ ಪೆಟ್ಟಿಗೆ ಅಂಟಿಸಿ ಮುಚ್ಚಿದ್ದು, ಒಳಗಿನ ಶಾಖ ಹೀರುವ ಹಾಳೆಗಳು ಒಮ್ಮೆ ಕಿತ್ತರೆ ಮೊದಲಿನಂತೆ ಕೂರುವುದಿಲ್ಲ. ಅದರ ಚೀಟಿಯ ಫೋಟೊ ತೆಗೆದುಕೊಂಡು, ಗೋಡೆಗೆ ಹೋಗುವ ಮೂರು ಪಿನ್ನಿನ ವೈರು ಸುಟ್ಟಿಲ್ಲವಾದರೆ ಅದನ್ನು ಮಾತ್ರ ಉಳಿಸಿಕೊಳ್ಳಿ. 120 ವ್ಯಾಟಿನದರಲ್ಲಿ ಮಷಿನ್ ಈಗ ಚಾರ್ಜ್ ಆಗುತ್ತಿದೆ ಎಂದರೆ ಲ್ಯಾಪ್‌ಟಾಪಿನ ಒಳಗಿನ ಚಾರ್ಜಿಂಗ್ ಸರ್ಕ್ಯೂಟಿಗೆ ಸಿಡಿಲು ಮುಟ್ಟಿಲ್ಲ. ಆ ಮಟ್ಟಿಗೆ ನಿಮ್ಮ ಅದೃಷ್ಟ ಚೆನ್ನಾಗಿದೆ.